ಮೂರು ಕಂತು ಬಾಕಿ ಇದ್ದ ಲಾರಿ

“ಅಡ್ಡ ಕೊಡೇ!”

ಲಾರಿ ಓಡಿಸುತ್ತಿದ್ದ ಗಂಡ ಜಟ್ಟಪ್ಪನ ಕೂಗು ಇಂಜಿನ್ನಿನ ಸದ್ದನ್ನು ಸೀಳಿಕೊಂಡು ಹಿಂದಕ್ಕೆ ಬಂತು. ಚೌಡಮ್ಮ ಓಡಿದಳು. ಕೈಯಲ್ಲಿ ಮರದ ತುಂಡು. ಮತ್ತಿಮರದ್ದು, ಒಂದು ಮೊಳ ಉದ್ದ, ಒಂದು ತುದಿ ದಪ್ಪ, ಇನ್ನೊಂದು ತುದಿ ಕೆತ್ತಿ ಸಪೂರ ಮಾಡಿದ್ದು. ಸಪೂರ ತುದಿಯನ್ನು ಹಿಂದಿನ ಚಕ್ರದ ಅಡಿಗೆ ತಳ್ಳಿ ಕೈ ತೆಗೆಯಬೇಕು. ಏರಿನಲ್ಲಿ ಈ ಲಾರಿಯ ಬ್ರೇಕು ಹಿಡಿಯುವುದಿಲ್ಲ. ತಳ್ಳುವುದು ತಡವಾದರೆ ಲಾರಿ ಹಿಂದಕ್ಕೆ ಉರುಳುತ್ತದೆ. ತೆಗೆಯುವುದು ತಡವಾದರೆ ಬೆರಳು ಹೋಗುತ್ತದೆ. ಚೌಡಮ್ಮನ ಎಡಗೈಯ ಎರಡು ಬೆರಳಿನ ತುದಿ ಹೀಗೆಯೇ ಹೋಗಿದ್ದವು.

ಲಾರಿ ಒಂದು ಗೇಣು ಹಿಂದೆ ಸರಿದು ತುಂಡಿನ ಮೇಲೆ ಕೂತಿತು. ಮರ ಕಿರುಗುಟ್ಟಿತು. ಜಟ್ಟಪ್ಪ ಉಸಿರು ಬಿಟ್ಟದ್ದು ಅವಳಿಗೆ ಹಿಂದಕ್ಕೂ ಕೇಳಿದಂತಾಯಿತು.

ಕುಮಟೆಯಿಂದ ಶಿರಸಿಗೆ ಏರುವ ದೇವಿಮನೆ ಘಟ್ಟದಲ್ಲಿ ಅವಳು ಲಾರಿಯಲ್ಲಿ ಕೂರುವುದಿಲ್ಲ. ಲಾರಿಯ ಹಿಂದೆ ನಡೆಯುತ್ತಾಳೆ, ಓಡುತ್ತಾಳೆ. ಹೆಗಲ ಮೇಲೆ ತುಂಡು, ಮುಖಕ್ಕೆ ಹೊಗೆ, ಅಂಗಾಲಿಗೆ ಜಲ್ಲಿ. ಒಂದು ಏರಿಗೆ ಹತ್ತು ಹದಿನೈದು ಸಲ ಅಡ್ಡ ಕೊಡಬೇಕು. ಆವತ್ತು ಉಪ್ಪಿನ ಮೂಟೆ ಹೇರಿದ್ದರು. ಉಪ್ಪು ಎಲ್ಲಕ್ಕಿಂತ ಭಾರ.

ಘಟ್ಟದ ತಲೆಗೆ ಬಂದಮೇಲೆ ಇಂಜಿನ್ ತಣಿಸಲು ನಿಲ್ಲಿಸಿದರು. ಚೌಡಮ್ಮ ಹಳ್ಳದಿಂದ ಡಬ್ಬಿಯಲ್ಲಿ ನೀರು ತಂದು ಸುರಿದಳು. ಜಟ್ಟಪ್ಪ ಬೀಡಿ ಹಚ್ಚಿದ. ಅವಳ ಮುಖ ನೋಡದೆ ಹೇಳಿದ:

“ಇನ್ನು ನೀನು ಈ ತುಂಡು ಹೊರೂದು ಬೇಡ, ಚೌಡಿ.”

“ಎಂತಕೆ? ಘಟ್ಟ ಸಪಾಟು ಮಾಡ್ತಾರನ?”

“ಸಾವ್ಕಾರ್ರು ಹೊಸ ಗಾಡಿ ಕೊಡಿಸ್ತಾರೆ. ಡೀಸೆಲ್ ಗಾಡಿ. ಬ್ರೇಕು ಒತ್ತಿದ್ರೆ ಏರಿನಲ್ಲೂ ಹುಗಿದ ಕಂಬದಂಗೆ ನಿಲ್ತದೆ.”

“ಇದು?”

“ಇದನ್ನ ವಾಪಸು ಕೊಡೂದು. ಇದರ ಬದಲಿಗೆ ಅದು.”

“ಇದರದ್ದು ಮೂರೇ ಕಂತು ಉಳಿದದ್ದಲ್ಲ?”

“ಅದು ಹೊಸದರ ಲೆಕ್ಕಕ್ಕೆ ಸೇರ್ತದೆ. ಮತ್ತೆ ನಾಕು ವರ್ಷ.”

ಚೌಡಮ್ಮ ತುಂಡನ್ನು ತಿರುವಿ ನೋಡಿದಳು. ಸಪೂರ ತುದಿ ಸೀಳು ಬಿಟ್ಟಿತ್ತು. ಹೊಸದು ಕೆತ್ತಬೇಕು ಎಂದುಕೊಂಡಿದ್ದಳು. ಕೆತ್ತಬೇಕೋ ಬೇಡವೋ ಈಗ ತಿಳಿಯದಾಯಿತು.

*

ಅದು ಅರವತ್ನಾಲ್ಕನೇ ಇಸವಿಯ ಚೈತ್ರ. ಲಾರಿ ತೆಗೆದುಕೊಂಡು ನಾಲ್ಕು ವರ್ಷ ಆಗುತ್ತ ಬಂದಿತ್ತು. ದುಡ್ಡು ಹುಬ್ಬಳ್ಳಿಯ ಫೈನಾನ್ಸಿನವರದ್ದು. ಜಾಮೀನು ಸಾವ್ಕಾರನದು, ಶಿರಸಿಯ ಅಡಿಕೆ ವ್ಯಾಪಾರಿ ಅಂದಾನಪ್ಪನದು. ಕಾಗದದಲ್ಲಿ ಜಟ್ಟಪ್ಪನ ಹೆಸರಿತ್ತು, ಆದರೆ ಕೊನೆಯ ಕಂತು ಕಟ್ಟುವವರೆಗೆ ಗಾಡಿ ಅವನದಲ್ಲ. ಒಂದು ಕಂತು ತಪ್ಪಿದರೂ ಹುಬ್ಬಳ್ಳಿಯವರು ಎಳೆದುಕೊಂಡು ಹೋಗಬಹುದು. ಹಾಗೆ ಎಳೆದದ್ದು ಬಾಕಿ ತುಂಬಿಕೊಡುವ ಜಾಮೀನುದಾರನ ಕೈಗೆ ಬರುತ್ತದೆ.

ಹಿಂದಿನ ಮರದ ಕಟ್ಟು ಮಾತ್ರ ಇವರದೇ. ಕಾನಸೂರಿನ ಮನೆಯ ಅಂಗಳದಲ್ಲಿ ಚೌಡಮ್ಮನ ತಮ್ಮ ಮಾದೇವ ಮತ್ತಿ ಹಲಗೆ ಕೊಯ್ದು, ಹೆರೆದು, ಬೋಲ್ಟು ಬಿಗಿದು ಕೂರಿಸಿದ್ದ. ಆಮೇಲೆ ಲಾರಿಯ ಹಣೆಯ ಮೇಲೆ ‘ಶ್ರೀ ಮಧುಕೇಶ್ವರ ಪ್ರಸನ್ನ’ ಎಂದು ಬರೆಸಿದವನು ಅಂದಾನಪ್ಪ. ಬನವಾಸಿಯ ದೇವರು ಅವನ ಮನೆದೇವರು. ಮುಂದಿನ ಸೀಟಿನೆದುರು ದೇವರ ಫೋಟೋ ಅಂಟಿಸಿದವನೂ ಅವನೇ. ಪೂಜೆಯ ದಿನವೇ ಎರಡು ಕಟ್ಟಳೆ ಹೇಳಿದ್ದ. ಈ ಗಾಡಿಗೆ ಮೀನು ಏರಿಸಬಾರದು. ಮುಂದಿನ ಸೀಟಿನಲ್ಲಿ ಹೆಂಗಸು ಕೂರಬಾರದು.

ಎರಡೂ ಕಟ್ಟಳೆಯನ್ನು ಜಟ್ಟಪ್ಪ ಪಾಲಿಸಿದ. ಹಿಂದೆ ನಡೆಯುವುದು ಮುಗಿದಮೇಲೂ ಚೌಡಮ್ಮ ಮೂಟೆಯ ಮೇಲೆ ಹತ್ತಿ ಕೂರುತ್ತಿದ್ದಳು. ಬಿಸಿಲಿದ್ದರೆ ಬಿಸಿಲು, ಮಳೆಯಿದ್ದರೆ ಮಳೆ. ಯಲ್ಲಾಪುರದಿಂದ ನಾಟಾ ಹೇರಿದ ದಿನ ಉರುಳಾಡುವ ದಿಮ್ಮಿಗಳ ಮೇಲೆ ಹಗ್ಗ ಹಿಡಿದು ಕೂತಿರುತ್ತಿದ್ದಳು. ಸಂತೆಪೇಟೆಯ ಹುಡುಗರು, “ಹೆಂಗಸು ಕ್ಲೀನರ್ರೋ!” ಎಂದು ಸಿಳ್ಳೆ ಹಾಕುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಆ ತುಂಡು ಹೊರುತ್ತಿದ್ದವನು ಮಾದೇವ.

ಒಂದು ದಿನ ಅಂದಾನಪ್ಪನ ಹೊಸ ಗೋದಾಮಿಗೆ ಕುಮಟೆಯಿಂದ ಹೆಂಚು ತರುತ್ತಿದ್ದರು. ಹೆಂಚು ನೋಡಿ ಆರಿಸಲು ಹೋಗಿದ್ದ ಅಂದಾನಪ್ಪ ಮುಂದಿನ ಸೀಟಿನಲ್ಲಿ ಕೂತಿದ್ದ. ಘಟ್ಟದ ನಡುವೆ ತುಂಡು ಕಲ್ಲಿನ ಮೇಲೆ ಜಾರಿತು. ಚಕ್ರ ಮಾದೇವನ ಬಲಗಾಲು ಹತ್ತಿ ನಿಂತಿತು. ಜಟ್ಟಪ್ಪ ಅವನನ್ನು ಎತ್ತಿ ಮುಂದಕ್ಕೆ ತಂದ. ಅಂದಾನಪ್ಪ ಬಾಗಿಲು ತೆಗೆಯಲಿಲ್ಲ.

“ಇಲ್ಲಿ ದೇವರ ಫೋಟೋ ಐತಿ. ರಕ್ತ ಇಲ್ಲಿ ಬ್ಯಾಡ. ಮ್ಯಾಲೆ ಹಾಕು,” ಅಂದ.

ಜಟ್ಟಪ್ಪ ಮೇಲೆ ಹಾಕಿದ. ಹೆಂಚಿನ ಮೇಲೆ. ಉರಿಬಿಸಿಲಿನಲ್ಲಿ, ಶಿರಸಿಯ ಆಸ್ಪತ್ರೆಯವರೆಗೆ.

ಮಾದೇವನ ಕಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ. ರಕ್ತ ಹತ್ತಿದ ಹೆಂಚುಗಳನ್ನು ಗೋದಾಮಿನ ಹಿಂದೆ ಕೂತು ತೊಳೆದವಳು ಚೌಡಮ್ಮ. ಒಂದೊಂದನ್ನೂ ತೆಂಗಿನ ನಾರಿನಿಂದ ತಿಕ್ಕಿದಳು. ಆ ಹೆಂಚು ಈಗಲೂ ಅಂದಾನಪ್ಪನ ಗೋದಾಮಿನ ಮಾಡಿನ ಮೇಲಿವೆ. ಅಲ್ಲಿ ಹೋದಾಗಲೆಲ್ಲ ಅವಳು ತಲೆಯೆತ್ತಿ ನೋಡುತ್ತಾಳೆ. ಯಾವ ಸಾಲಿನಲ್ಲಿವೆಯೋ ತಿಳಿಯುವುದಿಲ್ಲ. ಎಲ್ಲ ಒಂದೇ ಕೆಂಪು.

ಆವತ್ತಿನ ಮಾತನ್ನು ಅವಳು ಜಟ್ಟಪ್ಪನೆದುರು ಒಂದು ಸಲವೂ ಎತ್ತಿರಲಿಲ್ಲ.

*

ಮನೆಯಲ್ಲಿ ಮಾದೇವ ಹಗ್ಗ ಹೊಸೆಯುತ್ತ ಕೂತಿದ್ದ. ಊರುಗೋಲು ಗೋಡೆಗೆ ಒರಗಿತ್ತು. ಚೌಡಮ್ಮ ಗಂಜಿ ಬಡಿಸಿ ವಿಷಯ ಹೇಳಿದಳು. ಅವನು ಬೇಡ ಅನ್ನುತ್ತಾನೆ ಎಂದು ಅವಳು ತಿಳಿದಿದ್ದಳು.

“ತಕೋ ಅಕ್ಕಾ,” ಅಂದ. “ಇವತ್ತೇ ತಕೋ.”

“ನೀ ಕಟ್ಟಿದ ಗಾಡಿ ಅದು.”

“ಹಲಗೆ ಮತ್ತೆ ಕೊಯ್ಬಹುದು. ಇದನ್ನ ಕೊಯ್ದು ಕೂರಿಸ್ತಾರನ?” ಮಾದೇವ ಪಂಚೆ ಸರಿಸಿ ಮೊಂಡುಗಾಲು ತೋರಿಸಿದ. “ಗಾಡಿ ಯಾರ ಹೆಸರಿನಲ್ಲಿದ್ರೆ ಎಂತ? ಕಾಲು ನಿಂದು.”

“ಮತ್ತೆ ನಾಕು ವರ್ಷ ಅವರ ಕೈ ಕೆಳಗೆ, ಮಾದೇವ.”

“ಬದುಕಿದ್ರೆ ತಾನೆ ನಾಕು ವರ್ಷ?”

ಜಟ್ಟಪ್ಪ ಬಟ್ಟಲಿನಿಂದ ತಲೆ ಎತ್ತಿದ. “ನಾನೂ ಅದೇ ಹೇಳೂದು. ಪ್ರತಿ ಸಲ ‘ಅಡ್ಡ ಕೊಡೇ’ ಅಂತ ಕೂಗಿ, ತುಂಡು ಕೂತ ಸದ್ದು ಬರೋವರೆಗೆ ನನ್ನ ಜೀವ ಎಲ್ಲಿರ್ತದೆ ಅಂತ ಇವಳಿಗೆ ಗೊತ್ತಿಲ್ಲ.”

ಅದು ಸುಳ್ಳಲ್ಲ. ಚೌಡಮ್ಮನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಕಷ್ಟವಾಯಿತು. ತನ್ನ ಒಳ್ಳೆಯದಕ್ಕೆ ಮಾತಾಡುವ ಇಬ್ಬರ ಎದುರು ಅವಳು ಬೇಡ ಅನ್ನಬೇಕಿತ್ತು. ಅವಳಿಗೂ ಆ ಬ್ರೇಕು ಬೇಕಿತ್ತು. ಗಂಜಿ ತಣ್ಣಗಾಯಿತು. ತುದಿಯಿಲ್ಲದ ಎರಡು ಬೆರಳು ಬಟ್ಟಲಿನ ಅಂಚಿನಲ್ಲಿ ಸುಮ್ಮನೆ ಕೂತಿದ್ದವು.

“ಶುಕ್ರವಾರ ಸಾವ್ಕಾರ್ರಲ್ಲಿ ಹೋಗೂದಲ್ಲ, ನಾನೂ ಬರ್ತೀನಿ,” ಅಂದಳು.

“ನೀ ಎಂತಕೆ?”

“ಗಾಡಿ ಕಾಣೂದಕ್ಕೆ.”

*

ಹೊಸ ಲಾರಿ ಅಂದಾನಪ್ಪನ ಹಿತ್ತಿಲ ಅಂಗಳದಲ್ಲಿ ನಿಂತಿತ್ತು. ಮೂಗು ಎತ್ತರ, ಚಕ್ರ ಎದೆಮಟ್ಟ. ಹಸಿರು ಬಣ್ಣದ ವಾಸನೆ ಇನ್ನೂ ಬರುತ್ತಿತ್ತು. ಹಣೆಯ ಮೇಲೆ ಆಗಲೇ ‘ಶ್ರೀ ಮಧುಕೇಶ್ವರ ಪ್ರಸನ್ನ’ ಬರೆಸಿಯಾಗಿತ್ತು.

ಕೆರಿಯಪ್ಪ ಅದನ್ನು ಒರೆಸುತ್ತಿದ್ದ. ಒಂದು ಕಾಲದಲ್ಲಿ ಶಿರಸಿ ಸೀಮೆಯಲ್ಲೇ ಅವನಂಥ ಡ್ರೈವರ್ ಇಲ್ಲ ಎನ್ನುತ್ತಿದ್ದರು. ಈಗ ಅಂದಾನಪ್ಪನ ಗೇಟು ಕಾಯುತ್ತಾನೆ, ಗಾಡಿ ತೊಳೆಯುತ್ತಾನೆ. ಕಣ್ಣು ಮಂಜಾಗಿತ್ತು.

ಜಟ್ಟಪ್ಪ ಸಾವ್ಕಾರನ ಕಟ್ಟೆಯ ಕಡೆ ಹೋದ. ಚೌಡಮ್ಮ ನಿಂತಳು.

“ಕೆರಿಯಣ್ಣಾ, ನಿನಗೂ ಇವರೇ ಅಲ್ಲನ ಗಾಡಿ ಕೊಡಿಸಿದ್ದು?”

“ಎರಡು ಗಾಡಿ ಕೊಡಿಸಿದ್ರು.”

“ಎಲ್ಲಿವೆ?”

ಕೆರಿಯಪ್ಪ ಒದ್ದೆ ಬಟ್ಟೆ ಹಿಡಿದ ಕೈಯನ್ನೇ ಚಾಚಿದ. ಗೋದಾಮಿನ ಬದಿಯಲ್ಲಿ ಒಂದು ಹಳೆ ಲಾರಿ ನಿಂತಿತ್ತು. “ಅದು ಎರಡನೇದು. ಮೊದಲಿಂದನ್ನ ಹಾವೇರಿಯವರಿಗೆ ಮಾರಿದ್ರು.”

“ಮೊದಲಿಂದನ್ನ ಬದಲಿ ಮಾಡುವಾಗ ಎಷ್ಟು ಕಂತು ಉಳಿದಿತ್ತು?”

ಕೆರಿಯಪ್ಪ ಒರೆಸುವುದನ್ನು ನಿಲ್ಲಿಸಿದ.

“ನಾಕು.”

“ಮತ್ತೆ ಎರಡನೇದು?”

“ಕಣ್ಣು ಹೋಯ್ತಲ್ಲ, ಚೌಡಮ್ಮ. ಎರಡು ಕಂತು ತಪ್ಪಿತು. ಹುಬ್ಬಳ್ಳಿಯವರು ಎಳ್ಕಂಡು ಬಂದು ಇಲ್ಲೇ ನಿಲ್ಲಿಸಿದ್ರು.” ಅವನು ಬಟ್ಟೆ ಹಿಂಡಿದ. “ಏಳು ವರ್ಷ ಕಂತು ಕಟ್ಟಿದೆ. ಎರಡೂ ಗಾಡಿ ಇವರಿಗೇ ಹೋಯ್ತು. ಮೊದಲಿಂದನ್ನ ಕೊಡುವಾಗ ‘ಇನ್ನು ನಾಕೇ ಉಳಿದಿತ್ತಲ್ಲ ಧಣಿ’ ಅಂತ ಕೇಳೂದು ಅಂದ್ಕಂಡಿದ್ದೆ. ಕೇಳಿದ್ರೆ ಬೇಜಾರು ಮಾಡ್ಕಂತಾರೇನೋ ಅಂತ ಕೇಳಲಿಲ್ಲ. ಹೊಸ ಗಾಡಿ ಚಲೋ ಇತ್ತು. ಅದರ ಖುಷಿ ಬೇರೆ.”

ಚೌಡಮ್ಮ ಹೊಸ ಲಾರಿಯ ಹಿಂದಿನ ಚಕ್ರದ ಹತ್ತಿರ ಬಂದಳು. ಅವಳಿಗೆ ಲಾರಿಯ ಗುರುತು ಇರುವುದೇ ಹಿಂದಿನ ಚಕ್ರದಿಂದ. ರಬ್ಬರಿನ ಹಲ್ಲುಗಳು ಚೂಪಾಗಿದ್ದವು. ಇದು ಹಿಂದಕ್ಕೆ ಉರುಳುವುದಿಲ್ಲ. ಇದರ ಹಿಂದೆ ಯಾರೂ ಓಡಬೇಕಿಲ್ಲ. ಅವಳು ಕೈ ಚಾಚಿದಳು.

“ಕೈ ಹಚ್ಚಬ್ಯಾಡವ್ವಾ!” ಕಟ್ಟೆಯ ಮೇಲಿಂದ ಅಂದಾನಪ್ಪನ ದನಿ. “ಪೂಜಿ ಆಗಿಲ್ಲ ಇನ್ನಾ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಕೆರಿಯಪ್ಪ ಅವಳು ಮುಟ್ಟದೆ ಬಿಟ್ಟ ಜಾಗವನ್ನೂ ಒರೆಸಿದ.

ಅಂದಾನಪ್ಪ ಎಲೆ ಅಡಿಕೆ ಮಡಿಸುತ್ತ ಕೂತಿದ್ದ. ಮೆತ್ತಗಿನ ಮನುಷ್ಯ. ದನಿ ಏರಿಸುವುದು ಕಡಿಮೆ. ಆ ಕಟ್ಟೆ ಹತ್ತುವ ಜಾತಿ ಇವರದಲ್ಲ. ಜಟ್ಟಪ್ಪ ಕೆಳಗೆ ಅಂಗಳದಲ್ಲಿ ಟವೆಲ್ಲು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ.

“ಹೆಂಗೈತಿ ಗಾಡಿ?”

“ಚಲೋ ಅದೆ ಧಣಿ,” ಜಟ್ಟಪ್ಪ ಹೇಳಿದ.

“ನಿನ್ನ ಹೇಣ್ತಿ ಕೈ ನೋಡಿ ಮನಸ್ಸು ಕೆಡತೈತೋ ಜಟ್ಟ್ಯಾ. ಅದಕ್ಕಽ ಕೊಡಸಾಕತ್ತೀನಿ. ನನಗೇನ ಲಾಭ ಹೇಳು?”

“ಹಳೇದು ಯಾರಿಗೆ ಹೋಗ್ತದೆ ಧಣಿ?” ಚೌಡಮ್ಮ ಕೇಳಿದಳು.

ಅಂದಾನಪ್ಪ ಎಲೆ ಮಡಿಸುವುದನ್ನು ನಿಲ್ಲಿಸಿ ನಕ್ಕ. “ಏನಲೇ ಜಟ್ಟ್ಯಾ, ವಕೀಲರ್ನ ಕರಕೊಂಡ ಬಂದೀಯಲ್ಲೋ!”

ಜಟ್ಟಪ್ಪನೂ ನಕ್ಕ. ನಗಬೇಕಾಗಿತ್ತು.

“ನನ್ನ ಅಳಿಯಾ ನಡಸ್ತಾನವ್ವಾ. ಘಟ್ಟಕ್ಕ ಆಗಲಿಲ್ಲಂದ್ರ ಹುಬ್ಬಳ್ಳಿ ದಾರಿಗೆ ಆಗತೈತಿ. ಸಪಾಟ ರಸ್ತೆ. ಅಡಿಕಿ ಹೇರಾಕ ಅಷ್ಟ ಸಾಕು.”

“ಇನ್ನು ಮೂರು ತಿಂಗಳು ಕಟ್ಟಿದ್ರೆ ಅದು ನಮ್ದಾಗ್ತಿತ್ತು.”

ಅಂದಾನಪ್ಪನ ನಗು ಮುಖದಲ್ಲೇ ಇತ್ತು. ಕಣ್ಣಲ್ಲಿ ಇರಲಿಲ್ಲ.

“ಕಟ್ಟು. ಬ್ಯಾಡ ಅಂದವರ್ಯಾರು? ಆದ್ರ ನಾಳಿಂದ ನನ್ನ ಅಡಿಕಿ ನಿಮ್ಮ ಗಾಡಿ ಏರೂದಿಲ್ಲ. ಯಲ್ಲಾಪುರದ ನಾಟಾದವರಿಗೂ ಹೇಳಿ ಕಳಸ್ತೀನಿ, ಅದೂ ಏರೂದಿಲ್ಲ. ಖಾಲಿ ಗಾಡಿ ತಿರುಗಿಸಿ ಕಂತು ಹೆಂಗ ಕಟ್ತೀರಿ ನೋಡೂಣು. ತಪ್ಪಿದ್ರ ಹುಬ್ಬಳ್ಳಿಯವರು ಎಳಕೊಂಡ ಬಂದು ಇಲ್ಲೇ ನಿಲ್ಲಸ್ತಾರ. ನಕ್ಕೋತ ಕೊಟ್ರೂ ಅಷ್ಟ, ಅಳಕೋತ ಕೊಟ್ರೂ ಅಷ್ಟ. ನಕ್ಕೋತ ಕೊಡ್ರಿ. ಹೊಸಾದರ ಬರ್ತೈತಿ.”

ಕೆರಿಯಪ್ಪ ಬಕೇಟಿನ ನೀರು ಚೆಲ್ಲಿದ ಸದ್ದು ಕೇಳಿತು.

“ಆಗ್ಲಿ ಧಣಿ,” ಅಂದ ಜಟ್ಟಪ್ಪ.

“ಶಾಣ್ಯಾ. ಭಾನುವಾರ ಕುಮಟಾಕ್ಕ ಅಡಿಕಿ ಒಯ್ಯಿ. ಸೋಮವಾರ ಖಾಲಿ ಬಾ. ಹಲಗಿ ಎಲ್ಲಾ ತಿಕ್ಕಿ ತೊಳದು ತಾ. ಅಯ್ಯನವರು ಬರ್ತಾರ, ಪೂಜಿ ಮಾಡಸೂಣು. ಸಹಿ ಆವಾಗ ಮಾಡಿದ್ರಾತು.”

ದಾರಿಯಲ್ಲಿ ಚೌಡಮ್ಮ ಮೂಟೆಯಿಲ್ಲದ ಖಾಲಿ ಹಲಗೆಯ ಮೇಲೆ ಕೂತಿದ್ದಳು. ನಕ್ಕರೂ ಅಷ್ಟೆ, ಅತ್ತರೂ ಅಷ್ಟೆ. ಲಾರಿ ಎರಡು ದಾರಿಯಿಂದಲೂ ಅದೇ ಅಂಗಳಕ್ಕೆ ಹೋಗುತ್ತದೆ. ಅದು ಅಲ್ಲಿಗೆ ಹೋಗದಂತೆ ಮಾಡುವ ಮೂರನೆಯ ದಾರಿ ಯಾವುದು? ಕಾನಸೂರು ಬರುವವರೆಗೂ ಅವಳಿಗೆ ಹೊಳೆಯಲಿಲ್ಲ.

*

ಸೋಮವಾರ ಬೆಳಿಗ್ಗೆ ಕುಮಟೆಯ ಬಾವಿಯಿಂದ ನೀರು ಸೇದಿ ಲಾರಿ ತೊಳೆದರು. ಚೌಡಮ್ಮ ಹಲಗೆ ಹಲಗೆ ತಿಕ್ಕಿದಳು. ಮತ್ತಿಯ ಮರ ಕಪ್ಪಗೆ ಹೊಳೆಯಿತು. ಮಾದೇವ ಹೆರೆದ ಗುರುತು ಅವಳ ಅಂಗೈಗೆ ಸಿಕ್ಕಿತು.

ಘಟ್ಟದ ಬುಡದಲ್ಲಿ ಮಾವಿನ ಮರದ ಕೆಳಗೆ ಎಂದಿನಂತೆ ಮೀನು ಮಾರುವ ಹೆಂಗಸರಿದ್ದರು. ಹದಿನೈದಿಪ್ಪತ್ತು ಮಂದಿ. ಎದುರು ಸಾಲಾಗಿ ಒಣಮೀನಿನ ಬುಟ್ಟಿ. ಬಂಗಡೆ, ತಾರ್ಲೆ, ಸಿಗಡಿ. ಮಳೆಗಾಲಕ್ಕೆ ಮುಂಚೆ ಘಟ್ಟದ ಮೇಲೆ ಒಣಮೀನಿಗೆ ಮುಗಿಬೀಳುವಷ್ಟು ಗಿರಾಕಿ. ಆದರೆ ಬಸ್ಸಿನವರು ಬುಟ್ಟಿ ಕಂಡರೆ ನಿಲ್ಲಿಸುವುದಿಲ್ಲ. ಘಟ್ಟದ ಮೇಲಿನ ಲಾರಿಗಳೆಲ್ಲ ಅಡಿಕೆ ಹೇರುವಂಥವು. ಅಡಿಕೆ ವಾಸನೆ ಹೀರುತ್ತದೆ. ಮೀನು ಹೇರಿದ ಹಲಗೆಗೆ ಅಡಿಕೆ ಹಾಕಿದರೆ ಮೂಟೆಗಟ್ಟಲೆ ಕೆಟ್ಟಂತೆ. ಹಾಗಾಗಿ ಇವರು ತಲೆಯ ಮೇಲೆ ಹೊತ್ತು ಘಟ್ಟ ಹತ್ತುತ್ತಾರೆ.

ಅವರಲ್ಲಿ ಹಿರಿಯಳು ಸುಬ್ಬಿ. ಲಾರಿ ಕಂಡದ್ದೇ ಎದ್ದು ನಿಂತಳು. ಕೈ ಅಡ್ಡ ಹಿಡಿಯಲಿಲ್ಲ. ಹಿಡಿದು ಸಾಕಾಗಿತ್ತು.

“ಬಂತು ಕಾಣ್ರೇ ದೇವರ ಗಾಡಿ! ದೇವರಿಗೆ ಮೂಗು ಉಂಟು, ನಮಗೆ ಕಾಲು ಉಂಟು. ಎತ್ತಿ ಬುಟ್ಟಿ, ನಡೀರಿ!”

ಹೆಂಗಸರು ನಕ್ಕರು. ಲಾರಿ ಅವರನ್ನು ದಾಟಿತು. ಒಣಮೀನಿನ ವಾಸನೆ ಹಿಂದಿನ ಹಲಗೆಯ ಮೇಲೆ ಕೂತಿದ್ದ ಚೌಡಮ್ಮನ ಮೂಗಿಗೆ ಹೊಡೆಯಿತು. ಅವಳು ಎದ್ದು ನಿಂತಳು. ಅಂಗೈಯಿಂದ ಕ್ಯಾಬಿನ್ನಿನ ತಲೆಯ ಮೇಲೆ ದಬದಬ ಬಡಿದಳು. ಲಾರಿ ನಿಂತಿತು.

ಜಟ್ಟಪ್ಪ ಇಳಿದು ಬರುವುದರೊಳಗೆ ಅವಳು ಹಿಂದಿನ ಬಾಗಿಲು ಹಲಗೆಯ ಕೊಂಡಿ ತೆಗೆದು ಬೀಳಿಸಿದ್ದಳು.

“ಎಂತ ಮಾಡ್ತೀಯೇ?”

“ಮೀನು ಹೇರ್ತೀನಿ.”

“ಹುಚ್ಚು ಹಿಡೀತನ? ಗಾಡಿ ತೊಳೆದಾಗ್ಯದೆ! ಇವತ್ತು ಪೂಜೆ!”

“ಅದಕ್ಕೇ.”

ಜಟ್ಟಪ್ಪ ಅವಳನ್ನು ನೋಡಿದ. ಬುಟ್ಟಿಗಳನ್ನು ನೋಡಿದ. ಹಲಗೆಯನ್ನು ನೋಡಿದ. ಅವನಿಗೆ ತಿಳಿಯಿತು.

“ಸಾವ್ಕಾರ್ರು ಇದನ್ನ ಮತ್ತೆ ಮುಟ್ಟೂದಿಲ್ಲ, ಚೌಡಿ.”

“ಮುಟ್ಟೂದು ಬೇಡ.”

“ಹೊಸ ಗಾಡಿ ಹೋಯ್ತದೆ.”

“ಹೋಗ್ಲಿ.”

“ಹೋಗೂದು ನಿನ್ನ ಕೈ! ನಿನ್ನ ಕಾಲು! ಮತ್ತೆ ಆ ತುಂಡು ಹೊತ್ಕಂಡು ಓಡೂದು ನೀನೇ!”

“ನನಗೆ ಗೊತ್ತಿಲ್ಲನ? ಇಷ್ಟು ದಿನ ಅವರ ಗಾಡಿ ಹಿಂದೆ ಓಡಿದೆ. ಇನ್ನು ಮೂರು ತಿಂಗಳು ನನ್ನ ಗಾಡಿ ಹಿಂದೆ ಓಡ್ತೀನಿ.”

“ಬೇಡ ಅಂದೆ!” ಜಟ್ಟಪ್ಪ ಹಲಗೆಯನ್ನು ಎತ್ತಿ ಮುಚ್ಚಲು ಬಂದ. ಅವಳು ಹಲಗೆಯ ಮೇಲೆ ಕಾಲಿಟ್ಟಳು. ಅವನು ಕೈ ಎತ್ತಿದ. ಮರದ ಕೆಳಗಿನ ನಗು ನಿಂತಿತು.

ಚೌಡಮ್ಮ ತಲೆ ತಗ್ಗಿಸಲಿಲ್ಲ.

“ಆವತ್ತು ನನ್ನ ತಮ್ಮನ್ನ ಹೆಂಚಿನ ಮೇಲೆ ಹಾಕಿದ್ಯಲ್ಲ,” ಅಂದಳು. ದನಿ ಏರಿಸಲಿಲ್ಲ. “‘ಬಾಗಿಲು ತೆಗೀರಿ’ ಅಂತ ಒಂದು ಮಾತು ನಿನ್ನ ಬಾಯಲ್ಲಿ ಬರಲಿಲ್ಲ. ಗಾಡಿ ನಿಂದಾಗಿದ್ರೆ ಬರ್ತಿತ್ತು. ನಿಂದಾಗಿರಲಿಲ್ಲ. ಹೊಸದೂ ನಿಂದಾಗೂದಿಲ್ಲ. ನಾಳೆ ನನ್ನ ಮೇಲೆ ಚಕ್ರ ಹತ್ತಿದ್ರೆ ನನ್ನನ್ನೂ ಮೇಲೆ ಹಾಕು ಅಂತಾರೆ. ನೀ ಹಾಕ್ತೀಯ.”

ಜಟ್ಟಪ್ಪನ ಕೈ ಇಳಿಯಿತು. ಎರಡು ವರ್ಷ ಅವನು ಈ ಮಾತಿಗೆ ಹೆದರಿದ್ದ. ಅವನು ರಸ್ತೆಯ ಬದಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತ. ಬೀಡಿ ತೆಗೆದ. ಹಚ್ಚಲಿಲ್ಲ. ಅದನ್ನು ಬೆರಳಲ್ಲಿ ಪುಡಿ ಮಾಡಿದ. ಆಮೇಲೆ ಎದ್ದು ನೆಟ್ಟಗೆ ಮರದ ಕೆಳಗೆ ಹೋಗಿ ಸುಬ್ಬಿಯ ಬುಟ್ಟಿಗೆ ಕೈ ಹಾಕಿದ.

“ಬಿಡಾ! ಎಂತಾ ಕಿತ್ಕೊಳ್ತೆ?” ಸುಬ್ಬಿ ಬುಟ್ಟಿ ಎಳೆದುಕೊಂಡಳು.

“ಹೇರೂದಕ್ಕೆ ಅಮ್ಮಾ.”

“ದೇವರ ಗಾಡಿಗಾ?”

“ನಮ್ಮ ಗಾಡಿಗೆ.”

ಸುಬ್ಬಿ ಗಂಡ ಹೆಂಡಿರ ಮುಖ ಬದಲಿ ಬದಲಿ ನೋಡಿದಳು. “ಅರ್ಧ ಘಟ್ಟದಲ್ಲಿ ಇಳಿಸಿ ಹೋಗೂದಲ್ಲ ತಾನೆ?”

“ಶಿರಸಿ ಪೇಟೆವರೆಗೆ,” ಚೌಡಮ್ಮ ಹೇಳಿದಳು. “ಇವತ್ತೊಂದೇ ದಿನ ಅಲ್ಲ. ಮಳೆ ಹಿಡಿಯೋವರೆಗೆ ವಾರಕ್ಕೆ ಮೂರು ಸಲ. ಶಿರಸಿಗೆ, ಸಿದ್ದಾಪುರಕ್ಕೆ, ಯಲ್ಲಾಪುರಕ್ಕೆ. ಅಷ್ಟು ಮೀನು ಉಂಟನ?”

“ಮೀನಿಗ್ಯಾವ ಬರ ಮಾರಾಯ್ತಿ? ಗಾಡಿಗೆ ಬರ! ಬಾಡಿಗೆ ಕೈಮೇಲೆ ಕೊಡ್ತೊ.”

ಜಟ್ಟಪ್ಪ ಬುಟ್ಟಿ ಎತ್ತಿ ಹೆಗಲಿಗೇರಿಸಿದ. ಹಸಿ ಆರದ ಮೀನಿನ ಉಪ್ಪುನೀರು ಬುಡದಿಂದ ಸೋರಿ ಕುತ್ತಿಗೆಯ ಮೇಲೆ ಇಳಿಯಿತು. ಪೂಜೆಗೆಂದು ತೊಟ್ಟಿದ್ದ ಬಿಳಿ ಅಂಗಿ ಬೆನ್ನಿಗೆ ಅಂಟಿತು. ಒಂದರ ಮೇಲೊಂದು ಬುಟ್ಟಿ ಏರಿದವು. ಸರಿಯಾಗಿ ಒಣಗದ ತಾರ್ಲೆಯ ಬುಟ್ಟಿಗಳನ್ನು ಚೌಡಮ್ಮ ಬೇಕೆಂದೇ ಅಡಿಗೆ ಇಡಿಸಿದಳು. ನೀರು ಹಲಗೆಯ ಸಂದಿಗೆ ಇಳಿಯಿತು. ಮತ್ತಿಯ ಮರ ಅದನ್ನು ಕುಡಿಯಿತು.

ಮುಂದಿನ ಸೀಟಿನಲ್ಲಿ, ದೇವರ ಫೋಟೋದ ಎದುರು, ಸುಬ್ಬಿ ಕೂತಳು. ಮೊಣಕಾಲು ನೋವಿನ ಮುದುಕಿ. ಉಳಿದವರು ಏರಿನಲ್ಲಿ ಲಾರಿಯ ಹಿಂದೆ ನಡೆದರು. ಜಟ್ಟಪ್ಪ “ಅಡ್ಡ ಕೊಡೇ” ಅಂದಾಗ ಚೌಡಮ್ಮ ತುಂಡು ಕೊಟ್ಟಳು. ಅವಳ ಎರಡೂ ಬದಿಯಿಂದ ನಾಲ್ಕಾರು ಕೈ ಕಲ್ಲು ತಂದು ಇಟ್ಟವು.

*

ಲಾರಿಗಿಂತ ಮೊದಲು ವಾಸನೆ ಅಂಗಳ ಸೇರಿತು.

ಗೇಟಿಗೆ ಮಾವಿನ ತೋರಣ. ಹೊಸ ಲಾರಿಯ ಕುತ್ತಿಗೆಗೆ ಹೂವಿನ ಹಾರ. ಅಯ್ಯನವರು ಊದುಬತ್ತಿ ಹಚ್ಚುತ್ತಿದ್ದರು. ಪೇಟೆಯ ಅಡಿಕೆ ವ್ಯಾಪಾರಿಗಳು ನಾಲ್ವರು ಕುರ್ಚಿಯ ಮೇಲೆ ಕೂತಿದ್ದರು. ಅಂದಾನಪ್ಪ ಕೈಯಲ್ಲಿ ಕಾಗದ ಹಿಡಿದು ಗೇಟಿನ ಹತ್ತಿರ ಬಂದ. ಬಂದವನು ಅಲ್ಲೇ ನಿಂತ. ಹೆಗಲ ಮೇಲಿನ ವಸ್ತ್ರ ಮೂಗಿಗೆ ಹೋಯಿತು.

“ಏನ ತುಂಬೀಯೋ ಅದರಾಗ?”

ಜಟ್ಟಪ್ಪ ಸೀಟಿನಿಂದ ಇಳಿದ.

“ಒಣಮೀನು ಧಣಿ.”

“ಸ್ವಲ್ಪ ಹಸಿದೂ ಅದೆ,” ಚೌಡಮ್ಮ ಹೇಳಿದಳು.

ಮುಂದಿನ ಬಾಗಿಲು ತೆರೆದು ಸುಬ್ಬಿ ಮೊಣಕಾಲು ಹಿಡಿದುಕೊಂಡು ಇಳಿದಳು. “ಚಲೋ ಸೀಟು ಮಾರಾಯಾ, ಮೆತ್ತಗುಂಟು,” ಅಂದಳು ಅಂದಾನಪ್ಪನಿಗೆ.

ಅಯ್ಯನವರು ಊದುಬತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಅಂದಾನಪ್ಪನ ಕುತ್ತಿಗೆಯ ನರ ಉಬ್ಬಿತು. ಅವನು ಕೂಗಿದ್ದನ್ನು ಶಿರಸಿಯವರು ಆವತ್ತು ಮೊದಲ ಸಲ ಕೇಳಿದರು.

“ಹಾದರಗಿತ್ತಿ! ದೇವರ ಹೆಸರೈತಿ ಅದರ ಮ್ಯಾಲೆ!”

“ನಮ್ಮ ಗಾಡಿಗೆ ನೀವು ಬರೆಸಿದ್ದು,” ಅಂದಳು ಚೌಡಮ್ಮ. “ಅಳಿಸಿ ಕೊಡ್ತೀವಿ.”

“ತೊಳಸ್ತೀನಿ! ಸುಣ್ಣಾ ಹಚ್ಚಿ ತೊಳಸ್ತೀನಿ! ಇವತ್ತ ಇಲ್ಲೇ ಬಿಟ್ಟು…” ಅಂದಾನಪ್ಪ ಕುರ್ಚಿಗಳ ಕಡೆ ತಿರುಗಿದ. ಒಬ್ಬ ವ್ಯಾಪಾರಿ ಎದ್ದು ಬಂದು ಹಿಂದಿನ ಹಲಗೆಯ ಕಡೆ ಬಗ್ಗಿ ನೋಡಿದ. ಹಲಗೆಯ ಸಂದಿಯಿಂದ ತೊಟತೊಟ ನೀರು ಬೀಳುತ್ತಿತ್ತು.

“ಮರಕ್ಕೆ ಇಳದೈತ್ರಿ ಅಂದಾನಪ್ಪನವರ. ಸುಣ್ಣಕ್ಕೆ ಹೋಗೂದಿಲ್ಲ. ಇದರಾಗ ನಮ್ಮ ಅಡಿಕಿ ಹಾಕೂದಿಲ್ಲ ನೋಡ್ರಿ ನಾವು.”

“ನಾವೂ ಹಾಕೂದಿಲ್ಲ,” ಇನ್ನೊಬ್ಬ ಕೂತಲ್ಲಿಂದಲೇ ಹೇಳಿದ. “ಇದು ನಿಮ್ಮ ಅಂಗಳದಾಗ ನಿಂತ್ರ ಗೋದಾಮಿನ ಮಾಲಿಗೂ ವಾಸನಿ ಹತ್ತತೈತಿ.”

ಅಂದಾನಪ್ಪನ ಕೈಯಲ್ಲಿ ಕಾಗದ ಮುದುಡಿತು. ಎಲ್ಲರೆದುರು ಅವನು ಹೇಳಲೇಬೇಕಾಯಿತು.

“ಕೆರಿಯಾ, ಗೇಟ್ ಹಾಕು! ಈ ಗಾಡಿ ಒಳಗ ಬರಕೂಡದು. ಇವತ್ತಲ್ಲ, ಎಂದೂ ಬರಕೂಡದು!”

“ಎಲ್ಲರೂ ಕೇಳಿದ್ರಲ್ಲ?” ಅಂದಳು ಚೌಡಮ್ಮ. “ಎಂದೂ ಬರಕೂಡದು ಅಂದ್ರು. ಹುಬ್ಬಳ್ಳಿಯವರು ಎಳ್ಕಂಡು ಬಂದ್ರೂ ಇದೇ ಮಾತು ಹೇಳಿ ಧಣಿ.”

ಜಟ್ಟಪ್ಪ ಕ್ಯಾಬಿನ್ನಿನೊಳಗೆ ಕೈ ಹಾಕಿ ದೇವರ ಫೋಟೋ ಮೆಲ್ಲಗೆ ಬಿಡಿಸಿ ಅಯ್ಯನವರ ಕೈಗೆ ಕೊಟ್ಟ. ಆಮೇಲೆ ಬಂಪರಿನ ಮೇಲೆ ಹತ್ತಿ ಸ್ಕ್ರೂಡ್ರೈವರಿನ ಮೊನೆಯಿಂದ ಹಣೆಯ ಅಕ್ಷರ ಕೆರೆಯಲು ತೊಡಗಿದ. ಬಣ್ಣ ಪುಡಿಪುಡಿಯಾಗಿ ಅವನ ಮುಖದ ಮೇಲೆ ಬಿತ್ತು. ಕೊನೆಯ ಅಕ್ಷರ ಹೋಗುವವರೆಗೂ ಕೆರೆಯುವ ಸದ್ದೊಂದೇ ಇತ್ತು. ಕೆಳಗೆ ಬರೀ ತಗಡು ಕಂಡಿತು.

ಗೇಟು ಹಾಕುತ್ತಿದ್ದ ಕೆರಿಯಪ್ಪ ತಗಡಿನ ಆ ಹಣೆಯನ್ನೇ ನೋಡುತ್ತಿದ್ದ. ಮಂಜುಗಣ್ಣಿಗೆ ಎಷ್ಟು ಕಂಡಿತೋ. ಮುಚ್ಚಬೇಕಾದ ಗೇಟು ಅರ್ಧಕ್ಕೇ ನಿಂತಿತ್ತು.

ಅಂದಾನಪ್ಪನಿಗೆ ಉಸಿರು ಹಿಡಿತಕ್ಕೆ ಬಂದಿತ್ತು. ದನಿ ಮತ್ತೆ ಮೆತ್ತಗಾಯಿತು.

“ಮೂರು ಕಂತು ಹೆಂಗರ ಕಟ್ಟಬೋದವ್ವಾ ನೀನು. ಆದ್ರ ಆ ಗಾಡಿಗೆ ಬ್ರೇಕಿಲ್ಲ. ಆ ಘಟ್ಟದಾಗ ಒಂದಿನಾ ಸಾಯ್ತೀ, ನೆನಪಿಟ್ಕೊ.”

ಚೌಡಮ್ಮ ತಲೆಯೆತ್ತಿ ಗೋದಾಮಿನ ಹೆಂಚು ನೋಡಿದಳು. ಸಾಲು ಸಾಲು ಕೆಂಪು.

“ಸಾಯ್ಬಹುದು,” ಅಂದಳು. “ಆದ್ರೆ ನನ್ನನ್ನ ಮುಂದಿನ ಸೀಟಿನಲ್ಲಿ ಒಯ್ತಾರೆ.”

ಮೀನುಪೇಟೆ ಮೇಲಿನ ಕೇರಿಯಲ್ಲಿತ್ತು. ಅಲ್ಲಿಗೆ ಕಡಿದಾದ ಒಂದು ಏರು. ಜಟ್ಟಪ್ಪ ಗಾಡಿ ತಿರುಗಿಸಿ ನಿಲ್ಲಿಸಿದ. ಒಳಗಿಂದಲೇ ಬಾಗಿ ಎಡಗಡೆಯ ಬಾಗಿಲು ತಳ್ಳಿ ತೆರೆದ. ಸುಬ್ಬಿ ಹತ್ತಿ ಒಂದು ಬದಿಗೆ ಸರಿದು ಕೂತಳು. ಇನ್ನೊಬ್ಬರಿಗೆ ಜಾಗವಿತ್ತು.

“ಚೌಡೀ, ಬಾ. ಮುಂದೆ ಬಾ.”

ನಾಲ್ಕು ವರ್ಷದಲ್ಲಿ ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ಸೀಟನ್ನು ನೋಡಿದಳು. ಎದುರಿನ ಏರನ್ನು ನೋಡಿದಳು. ಸೀಳು ಬಿಟ್ಟ ತುಂಡನ್ನು ನೆಲದಿಂದ ಎತ್ತಿ ಹೆಗಲಿಗೆ ಇಟ್ಟುಕೊಂಡಳು. ಇವತ್ತೇ ಹೊಸದು ಕೆತ್ತಬೇಕು.

“ಬರ್ತೀನಿ. ಏರು ಮುಗೀಲಿ,” ಅಂದು ಲಾರಿಯ ಹಿಂದಕ್ಕೆ ನಡೆದಳು.